ಎರಡು ಎಕರೆ ಕೊಂಡು ಕೆಲಸ ಬಿಡಬೇಕೆಂದಿದ್ದೇವೆ, ನಮ್ಮ ಲೆಕ್ಕ ಸರಿಯಿದೆಯಾ?

ಎರಡೆಕರೆ_ಕನಸು

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ 11 ವರ್ಷದಿಂದ ಕೆಲಸದಲ್ಲಿದ್ದೇವೆ. ಮಗಳು 2ನೇ ಕ್ಲಾಸು. ನಮ್ಮ ತಾತನ ಕಾಲದಲ್ಲೇ ಊರಿನ ಜಮೀನು ಕೈಬಿಟ್ಟು ಹೋಯಿತು, ನನಗೆ ನೇಗಿಲು ಹಿಡಿದು ಗೊತ್ತಿಲ್ಲ. ಆದರೆ ಮಣ್ಣಿಗೆ ಮರಳಬೇಕು ಅನ್ನೋದು ಇಬ್ಬರದೂ ಆಸೆ.

ಮಧುಗಿರಿ ತಾಲ್ಲೂಕಿನಲ್ಲಿ 2 ಎಕರೆ ಖುಷ್ಕಿ (ಮಳೆ ನಂಬಿದ ಜಮೀನು) ನೋಡಿದ್ದೇವೆ. ಕೆಂಪು ಮಣ್ಣು. ಬೋರ್ ಇಲ್ಲ, ಪಕ್ಕದ ಹೊಲದವರಿಗೆ 700 ಅಡಿಗೆ ನೀರು ಸಿಕ್ಕಿದೆಯಂತೆ. ಜಮೀನಿನ ಹಣ ಕೊಟ್ಟ ಮೇಲೆ ಕೈಯಲ್ಲಿ 14 ಲಕ್ಷ ಉಳಿಯುತ್ತದೆ.

ನಮ್ಮ ಯೋಜನೆ ಹೀಗಿದೆ. 1 ಎಕರೆ ಮಾವು, ಅರ್ಧ ಎಕರೆ ತರಕಾರಿ, ಉಳಿದದ್ದರಲ್ಲಿ ಚಿಕ್ಕ ಮನೆ, 2 ಎಚ್‌ಎಫ್ (ಹೋಲ್‌ಸ್ಟೀನ್ ತಳಿ) ಹಸು, 100 ನಾಟಿ ಕೋಳಿ. ಕೋಳಿಯಿಂದ ದಿನಕ್ಕೆ 70 ಮೊಟ್ಟೆ, ಮೊಟ್ಟೆಗೆ 12 ರೂಪಾಯಿ ಅಂದರೂ ತಿಂಗಳಿಗೆ 25 ಸಾವಿರ. ಹಾಲು, ತರಕಾರಿ ಸೇರಿ ಎರಡನೇ ವರ್ಷದಿಂದ ಖರ್ಚು ಕಳೆದು ತಿಂಗಳಿಗೆ 40 ಸಾವಿರ ಬರಬಹುದು ಅಂತ ಅಂದಾಜು. ಬರುವ ಯುಗಾದಿಗೆ ಇಬ್ಬರೂ ರಾಜೀನಾಮೆ ಕೊಡೋದು ಅಂದುಕೊಂಡಿದ್ದೇವೆ.

ಅನುಭವ ಇರುವವರು ತಪ್ಪಿದ್ದರೆ ನೇರವಾಗಿ ಹೇಳಿ.

ಕೆಮ್ಮಣ್ಣು

ಸರ್, ನಾನು ನಿಮ್ಮ ಪಕ್ಕದ ಕೊರಟಗೆರೆ ತಾಲ್ಲೂಕಿನವನು. ಹುಟ್ಟಿದ್ದು ಅಲ್ಲಲ್ಲ. 2017ರಲ್ಲಿ ನಿಮ್ಮ ಹಾಗೇ ಬೆಂಗಳೂರಿನಿಂದ ಹೋಗಿ 2 ಎಕರೆ 10 ಗುಂಟೆ ಹಿಡಿದವನು. ಮೊದಲ ದಿನದಿಂದ ಖರ್ಚಿನ ಪುಸ್ತಕ ಇಟ್ಟಿದ್ದೇನೆ. ಅದನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

ಆಸೆ ತಪ್ಪಲ್ಲ. ಎರಡನೇ ವರ್ಷ ಅಂತ ಬರೆದಿದ್ದೀರಲ್ಲ, ತಪ್ಪಿರೋದು ಅದರಲ್ಲಿ.

ನನ್ನ ಪುಸ್ತಕದಲ್ಲಿ ಮೊದಲ ವರ್ಷದ ಪುಟಗಳಲ್ಲಿ ಆದಾಯದ ಕಡೆ ಎರಡೇ ಸಾಲಿವೆ: ಹುರುಳಿ ಮಾರಿದ್ದು, ನೀಲಗಿರಿ ಬೊಡ್ಡೆ ಸೌದೆಗೆ ಕೊಟ್ಟಿದ್ದು. ಖರ್ಚಿನ ಕಡೆ 11 ಪುಟ. ಹಳೆ ನೀಲಗಿರಿ ತೋಪಾಗಿದ್ದ ಜಾಗ ಅದು, ಬೊಡ್ಡೆ ಕೀಳಿಸೋಕೆ ಜೆಸಿಬಿಗೆ ಕೊಟ್ಟಿದ್ದೇ ಮೊದಲ ದೊಡ್ಡ ಬಾಬ್ತು. ಆಮೇಲೆ ಬೇಲಿ.

ಬೇಲಿ ವಿಷಯ ಯಾರೂ ಮುಂಚೆ ಹೇಳೋದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. 2 ಎಕರೆ ಅಂದರೆ 87,120 ಚದರ ಅಡಿ. ಜಮೀನು ಚೌಕವಾಗಿದ್ದರೆ ಒಂದೊಂದು ಬದಿ 295 ಅಡಿ, ಸುತ್ತಳತೆ ಸುಮಾರು 1,180 ಅಡಿ. ಅದೇ 2 ಎಕರೆ 100 ಅಡಿ ಅಗಲದ ಉದ್ದ ಪಟ್ಟಿಯಾಗಿದ್ದರೆ ಸುತ್ತಳತೆ 1,940 ಅಡಿ ದಾಟುತ್ತದೆ. 8 ಅಡಿಗೊಂದು ಕಲ್ಲುಕಂಬ ಅಂದರೆ ಮೊದಲನೆಯದಕ್ಕೆ ಸುಮಾರು 150 ಕಂಬ, ಎರಡನೆಯದಕ್ಕೆ 240ರ ಮೇಲೆ. ಪಹಣಿಯಲ್ಲಿ ಎರಡೂ 2 ಎಕರೆಯೇ. ನಮ್ಮ ಕಡೆ ಅಣ್ಣತಮ್ಮಂದಿರ ಭಾಗವಾಗಿ ಬಂದ ಜಮೀನುಗಳು ಬಹಳಷ್ಟು ಪಟ್ಟಿಗಳೇ. ನೀವು ನೋಡಿರೋದು ಯಾವ ಆಕಾರ?

ಬೇಲಿ ಇಲ್ಲದೆ ಮಾವಿನ ಸಸಿ ಇಟ್ಟರೆ ಬೇಸಿಗೆಯಲ್ಲಿ ಹೊಲ ಖಾಲಿಯಾದ ಮೇಲೆ ಊರಿನ ಕುರಿ-ಮೇಕೆ ಒಳಗೆ ಬರುತ್ತವೆ. ಅದು ಯಾರ ತಪ್ಪೂ ಅಲ್ಲ. ಕೊಯ್ಲಾದ ಹೊಲದಲ್ಲಿ ದನಕರು ಬಿಡೋದು ಊರಿನ ಹಳೇ ವಾಡಿಕೆ, ನಾವು ಹೊಸಬರು. ಕಾಡುಹಂದಿ, ನವಿಲಿನ ಕಾಟ ಬೇರೆ.

ಇನ್ನು ರಾಗಿ. ಬಯಲುಸೀಮೆಯಲ್ಲಿ ಹೊಸಬರು ಅಷ್ಟಿಷ್ಟು ನಂಬಬಹುದಾದ ಬೆಳೆ ಅದೊಂದೇ. ಮಳೆ ಸರಿಯಾಗಿ ಬಂದ ವರ್ಷ ನನಗೆ ಎಕರೆಗೆ 8 ಕ್ವಿಂಟಾಲ್ ಸಿಗುತ್ತದೆ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂ. ಅಂದರೆ 39 ಸಾವಿರ. ಉಳುಮೆ, ಗೊಬ್ಬರ, ಬಿತ್ತನೆ, ಎರಡು ಸಲ ಕಳೆ, ಕುಯ್ಲು, ಒಕ್ಕಣೆ ಎಲ್ಲ ಕೂಲಿಗೆ ಕೊಟ್ಟರೆ 22-24 ಸಾವಿರ ಹೋಗುತ್ತದೆ. ಉಳಿಯೋದು 15 ಸಾವಿರ, ಜೊತೆಗೆ ಹುಲ್ಲು. ಅದು ತಿಂಗಳಿಗಲ್ಲ ಸರ್, ವರ್ಷಕ್ಕೆ. 2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತಲ್ಲ, ಆ ವರ್ಷ ನಮಗೆ ಬೀಜದ ರಾಗಿಯೂ ಸರಿಯಾಗಿ ಬರಲಿಲ್ಲ.

ನಾನು ಸಂಬಳದ ಕೆಲಸ ಬಿಟ್ಟದ್ದು ಜಮೀನು ಕೊಂಡ 4 ವರ್ಷದ ಮೇಲೆ. ಅದೂ ನಾನೊಬ್ಬನೇ, ನನ್ನ ಹೆಂಡತಿ ಇವತ್ತಿಗೂ ತುಮಕೂರಿನಲ್ಲಿ ಪಾಠ ಮಾಡುತ್ತಾಳೆ. ಅವಳ ಸಂಬಳ ಇಲ್ಲದಿದ್ದರೆ 2023ನೇ ಇಸವಿ ನಾವು ದಾಟುತ್ತಿರಲಿಲ್ಲ.

ಹಿತ್ತಿಲ_ಕೋಳಿ

ಕೋಳಿ ಲೆಕ್ಕಕ್ಕೆ ನಾನು ಉತ್ತರ ಕೊಡ್ತೀನಿ. ಕನಕಪುರದ ಹತ್ತಿರ 6 ವರ್ಷದಿಂದ ನಾಟಿ ಕೋಳಿ ಸಾಕಿದ್ದೀನಿ.

ಅಣ್ಣಾ, 100 ಕೋಳಿಗೆ ದಿನಾ 70 ಮೊಟ್ಟೆ ಬರೋದು ಫಾರಂನಲ್ಲಿ ಸಾಕೋ ಬಿಳೀ ಲೇಯರ್ ಕೋಳಿಗೆ. ಅದು ವರ್ಷಕ್ಕೆ 300 ಇಡುತ್ತೆ. ನಾಟಿ ಕೋಳಿ ಹಾಗಲ್ಲ. 12-15 ಮೊಟ್ಟೆ ಇಡುತ್ತೆ, ಕಾವಿಗೆ ಕೂರುತ್ತೆ, 21 ದಿನ ಮೇಲೇಳಲ್ಲ, ಮರಿ ಮಾಡಿದ ಮೇಲೆ ಮರಿಗಳ ಜೊತೆ ಓಡಾಡುತ್ತೆ. ವರ್ಷಕ್ಕೆ 60-80 ಮೊಟ್ಟೆ ಇಟ್ಟರೆ ಒಳ್ಳೇ ಕೋಳಿ. 100 ಕೋಳಿಗೆ 70ರ ಲೆಕ್ಕದಲ್ಲಿ ವರ್ಷಕ್ಕೆ 7,000 ಮೊಟ್ಟೆ, ನಿಮ್ಮ 12 ರೂಪಾಯಿಗೆ 84 ಸಾವಿರ. ತಿಂಗಳಿಗೆ 7 ಸಾವಿರ, 25 ಅಲ್ಲ.

ಮೇವು? ಒಂದು ಕೋಳಿ ದಿನಕ್ಕೆ 80-100 ಗ್ರಾಂ ತಿನ್ನುತ್ತೆ. ಎಲ್ಲಾ ಅಂಗಡಿಯಿಂದಲೇ ತಂದು ಹಾಕಿದರೆ ಮೊಟ್ಟೆ ದುಡ್ಡಿಗಿಂತ ಮೇವಿನ ದುಡ್ಡು ಜಾಸ್ತಿ. ನಾಟಿ ಕೋಳಿ ಲಾಭ ಕೊಡೋದು ಅದು ತಾನೇ ಕೆದಕಿ ತಿಂದಾಗ, ನಾವು ಮನೆಯ ನುಚ್ಚು, ರಾಗಿ, ಗೆದ್ದಲು ಹಾಕಿದಾಗ. ಕೆದಕೋಕೆ ಬಿಟ್ಟರೆ ಹದ್ದು, ಮುಂಗುಸಿ, ನಾಯಿ ಕಾಯ್ತಾ ಇರುತ್ತವೆ. ಅದಕ್ಕೇ ಮೊದಲ ವರ್ಷ 100 ಬೇಡ. 8 ಹೇಂಟೆ, 1 ಹುಂಜ ತಗೊಳ್ಳಿ. ಅವು ಮರಿ ಮಾಡಲಿ, ಅದರಲ್ಲಿ ಎಷ್ಟು ಉಳಿಸಿಕೊಳ್ಳೋಕೆ ನಿಮ್ಮ ಕೈಲಾಗುತ್ತೆ ನೋಡಿ.

ನಂದು 2ನೇ ವರ್ಷದಲ್ಲಿ 64 ಕೋಳಿ ಇತ್ತು. ಸಂಕ್ರಾಂತಿ ಕಳೆದ ಮೇಲೆ ಕೊಕ್ಕರೆ ರೋಗ ಬಂತು. ಹಸಿರು ಹಿಕ್ಕೆ, ಕತ್ತು ತಿರುಚಿಕೊಳ್ಳೋದು. 5 ದಿನದಲ್ಲಿ 51 ಸತ್ತವು. ಗುಂಡಿ ತೋಡಿ ಸುಣ್ಣ ಹಾಕಿ ಹೂತೆ. ಎರಡು ದಿನ ಊಟ ಸೇರಲಿಲ್ಲ. ಲಸಿಕೆ ಹಾಕಿಸಿರಲಿಲ್ಲ, ನಾಟಿ ಕೋಳಿಗೆ ಯಾಕೆ ಅಂದುಕೊಂಡಿದ್ದೆ. ಈಗ ಮರಿಗೆ 7ನೇ ದಿನಕ್ಕೆ ಲಸೋಟ ಲಸಿಕೆ ಹನಿ, 28ನೇ ದಿನಕ್ಕೆ ಮತ್ತೆ ಹನಿ, 8-10 ವಾರಕ್ಕೆ ಆರ್2ಬಿ ಚುಚ್ಚುಮದ್ದು ತಪ್ಪಿಸೋದೇ ಇಲ್ಲ. ಲಸಿಕೆ ತರುವಾಗ ಐಸ್ ಡಬ್ಬಿಯಲ್ಲೇ ತರಬೇಕು, ಬಿಸಿಲಿಗೆ ಸಿಕ್ಕಿದರೆ ಹಾಕಿಯೂ ಹಾಕದ ಹಾಗೇ.

ಹಸು ವಿಷಯ ಒಂದೇ ಮಾತು. ಬೆಳಿಗ್ಗೆ ಐದೂವರೆ, ಸಂಜೆ ಐದು, ವರ್ಷದ 365 ದಿನ ಹಾಲು ಕರೆಯೋರು ಯಾರು ಅಂತ ಮೊದಲು ತೀರ್ಮಾನ ಮಾಡಿ. ಮದುವೆ, ಸಾವು, ಜ್ವರ ಏನೇ ಬಂದರೂ ಕೆಚ್ಚಲು ಕಾಯಲ್ಲ.

ಬಯಲುಸೀಮೆ_ರೈತ

ಕೋಲಾರ ತಾಲ್ಲೂಕು. ನಾಲ್ಕು ತಲೆಮಾರಿನಿಂದ ಇದೇ ಕೆಲಸ.

ಪಕ್ಕದವರಿಗೆ 700 ಅಡಿಗೆ ನೀರು ಸಿಕ್ಕಿದೆ ಅಂದರೆ ನಿಮಗೆ ಸಿಗುತ್ತೆ ಅಂತ ಅರ್ಥ ಅಲ್ಲ. ನಮ್ಮ ನೆಲ ಪೂರಾ ಬಂಡೆ. ನೀರಿರೋದು ಬಂಡೆಯ ಬಿರುಕಿನಲ್ಲಿ. ಬಿರುಕು ಅವರ ಹೊಲದ ಕೆಳಗೆ ಹೋಗಿ ನಿಮ್ಮ ಹೊಲ ಬಿಟ್ಟು ಆ ಕಡೆ ತಿರುಗಿರಬಹುದು. ನಮ್ಮ ಅಪ್ಪ 1980ರ ಸುಮಾರಿಗೆ ಬಾವಿಯಲ್ಲಿ ಕಪಿಲೆ ಹೊಡೆದು ನೀರೆತ್ತಿದ ಜಾಗದಲ್ಲೇ ನಾನು 1,200 ಅಡಿ ಕೊರೆಸಿ ಬರೀ ಪುಡಿ ನೋಡಿದ್ದೇನೆ. ನಾನು ಇಲ್ಲಿಯವರೆಗೆ 7 ಬೋರ್ ಕೊರೆಸಿದ್ದೇನೆ, ಈಗ ನೀರು ಕೊಡೋದು 2. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಬಿಡೋದು) 2018ರಿಂದ ನಮ್ಮ ಕಡೆ ಕೆರೆಗಳಿಗೆ ಬಂದ ಮೇಲೆ ಸ್ವಲ್ಪ ಉಸಿರು ಬಂದಿದೆ.

14 ಲಕ್ಷದಲ್ಲಿ ಮೊದಲ ಬೋರ್ ಫೇಲಾದರೆ ಎರಡನೆಯದಕ್ಕೆ ಹಣ ಎತ್ತಿಡಿ. ಎರಡೂ ಫೇಲಾದರೆ ಮೂರನೆಯದಕ್ಕೆ ಕೈ ಹಾಕಬೇಡಿ. ಊರಲ್ಲಿ ಮನೆಗಳು ಮುಳುಗಿರೋದು ಮೂರನೆಯ, ನಾಲ್ಕನೆಯ ಬೋರಿನಲ್ಲಿ. ಇಷ್ಟು ಹಾಕಿದ್ದೀವಿ, ಇನ್ನೊಂದು ನೋಡೋಣ ಅಂತ ಹೋಗಿ ಹೋಗಿ ಒಡವೆ ಅಡ ಇಟ್ಟವರನ್ನು ಕಂಡಿದ್ದೇನೆ.

ನೀರು ಬಂದರೂ ಕರೆಂಟು ಬೇಕಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ ಇಲ್ಲ ಸರಿ, ತ್ರೀಫೇಸ್ ಬರೋದು ದಿನಕ್ಕೆ 7 ಗಂಟೆ, ಅದೂ ಕೆಲವು ವಾರ ರಾತ್ರಿ. ಹೊಸ ಸಂಪರ್ಕಕ್ಕೆ ಕಂಬ, ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್) ಎಷ್ಟು ದೂರದಿಂದ ಎಳೆಯಬೇಕು ಅಂತ ಜಮೀನು ಕೊಳ್ಳೋ ಮುಂಚೆ ಅಳೆದು ನೋಡಿ.

ತರಕಾರಿ ಅಂದಿರಿ. 2023ರ ಜುಲೈನಲ್ಲಿ ನಮ್ಮ ಕೋಲಾರ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೇಟೊ ಬಾಕ್ಸು 2,000 ದಾಟಿತು. ಟಿವಿಯಲ್ಲಿ ಎಲ್ಲರೂ ನೋಡಿದರು. ಅದೇ ಬಾಕ್ಸಿಗೆ 50 ರೂಪಾಯಿ ಕೇಳಿದಾಗ ಕೀಳೋ ಕೂಲಿಯೂ ಹುಟ್ಟದೆ ಗಿಡದಲ್ಲೇ ಬಿಟ್ಟಿದ್ದೀವಿ, ಅದು ಟಿವಿಯಲ್ಲಿ ಅಷ್ಟಾಗಿ ಬರಲಿಲ್ಲ. ಕಡ್ಡಿ, ದಾರ, ಮಲ್ಚಿಂಗ್, ಡ್ರಿಪ್, ಔಷಧಿ, ಕೂಲಿ ಎಲ್ಲ ಸೇರಿ ಟೊಮೇಟೊ ಎಕರೆಗೆ ಲಕ್ಷಗಟ್ಟಲೆ ನುಂಗುವ ಬೆಳೆ. ಹೊಸಬರು ಮನೆ ತರಕಾರಿ ಬೆಳೀರಿ. ಸೊಪ್ಪು, ಬದನೆ, ಹೀರೆ, ಮೆಣಸಿನಕಾಯಿ. ಹೆಚ್ಚಾದದ್ದು ಸಂತೆಗೆ.

ಎರಡೆಕರೆ_ಕನಸು

ಎಲ್ಲರಿಗೂ ಧನ್ಯವಾದ. ಕೋಳಿ ಲೆಕ್ಕ ನೋಡಿ ನಿಜಕ್ಕೂ ಬೆಚ್ಚಿದೆ, ಅದು ಯಾವುದೋ ವಿಡಿಯೋದಲ್ಲಿ ನೋಡಿದ ಸಂಖ್ಯೆ.

ಕೆಮ್ಮಣ್ಣು ಸರ್, ಜಮೀನು ಪಟ್ಟಿಯೇ. ಅಗಲ ಸುಮಾರು 120 ಅಡಿ ಇರಬಹುದು.

ಹಾಗಾದರೆ ಒಟ್ಟು ನಿಮ್ಮೆಲ್ಲರ ಮಾತು ಬೇಡ ಅಂತಲೇನು? ನಾವು ದುಡ್ಡು ಮಾಡೋಕೆ ಹೊರಟವರಲ್ಲ. ನಮಗೂ ಮಗಳಿಗೂ ವಿಷವಿಲ್ಲದ ಊಟ, ಮನೆ ಖರ್ಚಿಗೆ ಆಗುವಷ್ಟು ಆದಾಯ ಇದ್ದರೆ ಸಾಕು.

ಎರಿಹೊಲ

ನಮಸ್ಕಾರ್ರಿ. ನಾ ಹಾವೇರಿ ಕಡಿಯಾವ. ಬ್ಯಾಡ ಅಂತ ಯಾರೂ ಅಂದಿಲ್ರಿ ಸರ. ಊಟ ಮತ್ತ ಆದಾಯ, ಎರಡನ್ನೂ ಒಂದ ಸಾಲಿನ್ಯಾಗ ಬರದೀರಲ್ಲ, ಅವೆರಡು ಬ್ಯಾರೆ ಬ್ಯಾರೆ ದಾರಿ. ಮನಿಗೆ ಉಣ್ಣಾಕ ಬೆಳಿಯೂದು ಎರಡನೇ ವರ್ಷಕ್ಕ ಬರತೈತಿ. ರೊಕ್ಕಾ ಬರೂದು ಭಾಳ ತಡಾ.

ಎಲ್ಲಾರೂ ಲೆಕ್ಕಾ ಹೇಳ್ಯಾರ, ನಾ ಹದದ ಬಗ್ಗೆ ಹೇಳ್ತೀನ್ರಿ. ನಮ್ಮದು ಎರಿ ಭೂಮಿ, ಅಂದ್ರ ಕಪ್ಪು ಮಣ್ಣು. ಮಳಿ ಆದ ಮ್ಯಾಲ ನಾಕ ದಿನ ಕಾಲ ಇಡಾಕ ಬರಂಗಿಲ್ಲ. ಐದನೇ ದಿನ ಹದ ಬಂದಿರತೈತಿ, ಎಂಟನೇ ದಿನಕ್ಕ ಆರಿ ಹೋಗಿರತೈತಿ. ಆ ಮೂರು ದಿನದಾಗ ಬೀಜ ಬಿದ್ದರ ಬೆಳಿ, ಇಲ್ಲಂದ್ರ ಇಲ್ಲ. ನಿಮ್ಮ ಕೆಂಪು ಮಣ್ಣಿನ್ಯಾಗ ಇನ್ನೂ ಲಗೂನ ಆರತೈತಿ. ಆ ಹೊತ್ತಿನ್ಯಾಗ ಇಡೀ ಊರಿಗೇ ಟ್ರ್ಯಾಕ್ಟರ್ ಬೇಕು, ಇಡೀ ಊರಿಗೇ ಆಳು ಬೇಕು. ನೀವು ಹೊಸಬ್ರು, ನಿಮ್ಮ ಪಾಳೆ ಕಡೀಗೆ ಬರತೈತಿ. ನಿಮ್ಮ ಮ್ಯಾಲೆ ಸಿಟ್ಟಿಲ್ಲ, ಹಿಂದಿನಿಂದ ಕೊಡು-ತಗೊಳ್ಳು ಇದ್ದವರದು ಮೊದಲ ಆಗತೈತಿ ಅಷ್ಟ.

ಅದಕ್ಕ ಮೊದಲನೇ ವರ್ಷ ನೀವು ಬೆಳಿಬೇಕಾದ್ದು ಊರಿನವರ ಜೋಡಿ ನಂಟು. ಅವರ ಹೊಲದಾಗ ಕಳೆ ತಗಿಯಾಕ ಹೋಗ್ರಿ. ಹಬ್ಬ, ಜಾತ್ರಿ, ಯಾರರ ಸತ್ತಾಗ ಮಣ್ಣಿಗೆ ಹೋಗೂದು ತಪ್ಪಿಸಬ್ಯಾಡ್ರಿ.

ಇನ್ನೊಂದು ಮಾತು. ಪೇಟಿ ನಂಬಿ ಒಂದ ಬೆಳಿ ಮಾಡಬ್ಯಾಡ್ರಿ. 2024ರ ಮಾರ್ಚಿನ್ಯಾಗ ಬ್ಯಾಡಗಿ ಮಾರುಕಟ್ಟಿಯೊಳಗ ಮೆಣಸಿನಕಾಯಿ ರೇಟು ಬಿದ್ದು ಎಂಥಾ ಗದ್ದಲಾ ಆತು ನೋಡಿರಬೇಕು. ಅಲ್ಲಿ ಬಂದವರು ಹೊಸಬ್ರಲ್ಲ, ಹುಟ್ಟಾ ರೈತರು.

ಕೆಮ್ಮಣ್ಣು

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಕಡೆ ಮುಯ್ಯಾಳು ಅಂತೀವಿ. ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ನನಗೆ ಮುಯ್ಯಾಳು ಸಿಗೋಕೆ 3 ವರ್ಷ ಹಿಡಿಯಿತು. ಸಿಕ್ಕಿದ ವರ್ಷ ಕಳೆ ಮತ್ತು ಕುಯ್ಲಿನ ಕೂಲಿ ಅರ್ಧಕ್ಕಿಂತ ಕಡಿಮೆಯಾಯಿತು.

ಮಾವಿನ ಬಗ್ಗೆ ಹೇಳೋದು ಬಿಟ್ಟಿದ್ದೆ. 33 ಅಡಿಗೊಂದು ಇಟ್ಟರೆ ಎಕರೆಗೆ 40 ಗಿಡ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಹಾಗಾಗಿ ಗುಂಟೆಗೊಂದು ಮಾವು ಅಂತ ನೆನಪಿಟ್ಟುಕೊಳ್ಳಿ. ಕಸಿ ಗಿಡವಾದರೂ ಕೈಗೆ ಕಾಯಿ ಬರೋದು 5ನೇ ವರ್ಷ. ಬಾದಾಮಿಯಾದರೆ ಒಂದು ವರ್ಷ ಬಿಟ್ಟು ಒಂದು ವರ್ಷ. ಮೊದಲ ಎರಡು ಬೇಸಿಗೆ ಪ್ರತಿ ಗಿಡಕ್ಕೂ ನೀರು ಹೊರಬೇಕು. ಬೋರ್ ಇಲ್ಲದ ವರ್ಷ ನಾನು ಟ್ಯಾಂಕರ್ ತರಿಸಿ ಬಿಂದಿಗೆಯಲ್ಲಿ ಹಾಕಿದ್ದೇನೆ. 40ರಲ್ಲಿ 26 ಉಳಿದವು. ಆ 26ರ ನಡುವೆ ಇವತ್ತಿಗೂ ರಾಗಿ ಬಿತ್ತುತ್ತೇನೆ, ನೆರಳು ಬರುವವರೆಗೆ ಜಾಗ ಸುಮ್ಮನೆ ಬಿಡೋದು ಯಾಕೆ.

ನೀರಿನ ಬಗ್ಗೆ ಕೋಲಾರದ ಅಣ್ಣ ಬೋರ್ ಹೇಳಿದರು, ನಾನು ಮಳೆ ಹೇಳುತ್ತೇನೆ. 600 ಮಿಲಿಮೀಟರ್ ಮಳೆ ಬಂದರೆ ಒಂದು ಎಕರೆಯ ಮೇಲೆ ವರ್ಷಕ್ಕೆ 24 ಲಕ್ಷ ಲೀಟರ್ ಬೀಳುತ್ತದೆ. ನಿಮ್ಮ 2 ಎಕರೆಗೆ 48 ಲಕ್ಷ. ಬದು ಇಲ್ಲದಿದ್ದರೆ ಅದರಲ್ಲಿ ಎಷ್ಟೋ ನೀರು ಹಳ್ಳಕ್ಕೆ ಹೋಗುತ್ತದೆ, ಹೋಗುವಾಗ ಮೇಲ್ಮಣ್ಣನ್ನೂ ಒಯ್ಯುತ್ತದೆ. ನಾನು ಬೋರಿಗೆ ಮೊದಲು ಬದು ಹಾಕಿಸಬೇಕಿತ್ತು, ಆಮೇಲೆ ಕೃಷಿ ಹೊಂಡ, ಕೊನೆಗೆ ಬೋರ್. ಮಾಡಿದ್ದು ಪೂರ್ತಿ ತಿರುವುಮುರುವು. ಬದು ಹಾಕಿ, ಎರಡು ಬೇಸಿಗೆ ಕೆರೆಗೋಡು (ಕೆರೆಯ ಹೂಳು ಮಣ್ಣು) ಹೊಡೆಸಿದ ಮೇಲೆ ಅದೇ ಹೊಲ ಮಳೆ ನಿಂತು 12 ದಿನವಾದರೂ ಬಾಡದೆ ನಿಲ್ಲುತ್ತದೆ. ಮುಂಚೆ 6ನೇ ದಿನಕ್ಕೆ ಎಲೆ ಸುರುಳಿಯಾಗುತ್ತಿತ್ತು. ಇಷ್ಟು ವರ್ಷದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಬದಲಾವಣೆ ಅದು.

ಪಹಣಿ_ಪುಟ

ಕಂದಾಯ ಇಲಾಖೆಯಲ್ಲಿ 30 ವರ್ಷ ಇದ್ದು ನಿವೃತ್ತನಾದವನು. ಬೆಳೆ ವಿಷಯ ನನಗೆ ತಿಳಿಯದು, ಕಾಗದದ ವಿಷಯ ನಾಲ್ಕು ಮಾತು.

2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಆದ್ದರಿಂದ ನಿಮ್ಮ ತಾತನ ಪಹಣಿ ಹುಡುಕುವ ಅಗತ್ಯವಿಲ್ಲ. ಆದರೆ ನೀವು ಕೊಳ್ಳುವ ಜಮೀನು ಸರ್ಕಾರದಿಂದ ಪರಿಶಿಷ್ಟ ಜಾತಿ-ಪಂಗಡದವರಿಗೆ ಮಂಜೂರಾದದ್ದೋ ಅಲ್ಲವೋ ಅಂತ ಮೂಲ ಕಡತ ನೋಡಲೇಬೇಕು. 1978ರ ಪಿಟಿಸಿಎಲ್ ಕಾಯ್ದೆಯಡಿ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಜಮೀನು ಮಾರುವಂತಿಲ್ಲ. ಕೊಂಡವರು ಹಣವನ್ನೂ ಕಳೆದುಕೊಳ್ಳುತ್ತಾರೆ, ಬಡವರ ಭೂಮಿ ಕಸಿದ ಪಾಪಕ್ಕೂ ಪಾಲುದಾರರಾಗುತ್ತಾರೆ.

ಪಹಣಿಯ 9ನೇ ಕಾಲಂನಲ್ಲಿ ಎಷ್ಟು ಹೆಸರಿದೆ, 11ರಲ್ಲಿ ಸಾಲ ಅಥವಾ ತಕರಾರು ಇದೆಯೇ ನೋಡಿ. ಪೋಡಿ (ಸರ್ವೆ ನಂಬರನ್ನು ಅಳೆದು ಭಾಗ ಮಾಡುವುದು) ಆಗಿದೆಯೇ ಕೇಳಿ. ಆಗಿಲ್ಲದಿದ್ದರೆ ನಿಮ್ಮ 2 ಎಕರೆ ಆ ಸರ್ವೆ ನಂಬರಿನಲ್ಲಿ ಎಲ್ಲಿ ಅಂತ ಕಾಗದದ ಮೇಲೆ ಯಾರಿಗೂ ಗೊತ್ತಿರುವುದಿಲ್ಲ. ಹೆಣ್ಣುಮಕ್ಕಳ ಸಹಿ ಬಿಟ್ಟು ಮಾಡಿದ ವಿಭಾಗವಾದರೆ ಮುಂದೆ ಕೋರ್ಟು. ಖರಾಬು (ಸಾಗುವಳಿಗೆ ಬಾರದ ಜಾಗ) ಇದ್ದರೆ ಅದು ಬಿ ಖರಾಬೋ ನೋಡಿ, ಬಿ ಖರಾಬು ಅಂದರೆ ಹಳ್ಳ, ದಾರಿ ಮುಂತಾದ ಸಾರ್ವಜನಿಕ ಜಾಗ, ನಿಮ್ಮದಾಗುವುದಿಲ್ಲ.

ಇವೆಲ್ಲಕ್ಕಿಂತ ಮೊದಲು ದಾರಿ. ಗ್ರಾಮ ನಕ್ಷೆಯಲ್ಲಿ ಬಂಡಿ ದಾರಿ ಇದೆಯೇ? ಈಗ ಓಡಾಡುತ್ತಿರುವ ದಾರಿ ಪಕ್ಕದವರ ಹೊಲದ ಬದುವಾಗಿದ್ದರೆ, ನೀವು ಬೇಲಿ ಹಾಕಿದ ದಿನ ಅವರೂ ಹಾಕಬಹುದು.

ವಾಪಸ್_ಬಂದವಳು

ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾವು 2019ರಲ್ಲಿ ಬೆಂಗಳೂರಿನಿಂದ ಹಾಸನ ಜಿಲ್ಲೆಯ ಒಂದು ಹಳ್ಳಿಗೆ ಹೋದೆವು, 2022ರ ಕೊನೆಗೆ ಪಟ್ಟಣಕ್ಕೇ ಮರಳಿ ಮೈಸೂರು ಸೇರಿದೆವು. ಜಮೀನು ಇನ್ನೂ ಇದೆ.

ನಾವು ಸೋತದ್ದು ಬೆಳೆಯಲ್ಲಲ್ಲ. ಬೆಳೆ ಒಂದು ವರ್ಷ ಕೈಕೊಟ್ಟಿತು, ಒಂದು ವರ್ಷ ಪರವಾಗಿಲ್ಲ ಅನ್ನಿಸಿತು. ಸೋತದ್ದು ದಿನದ ಬದುಕಿನಲ್ಲಿ. ತೋಟದ ಮನೆ ಊರಿನಿಂದ ಒಂದೂವರೆ ಕಿಲೋಮೀಟರ್. ಸಂಜೆ ಆರರ ಮೇಲೆ ಮಾತಾಡಲು ಇನ್ನೊಬ್ಬ ಹೆಂಗಸಿಲ್ಲ. ಮಗನಿಗೆ ಶಾಲೆಗೆ ಬೆಳಿಗ್ಗೆ 7ಕ್ಕೆ ವ್ಯಾನು, ಮಳೆಗಾಲದಲ್ಲಿ ವ್ಯಾನು ತೋಟದವರೆಗೆ ಬರುವುದಿಲ್ಲ. ಅತ್ತೆಗೆ ರಾತ್ರಿ ಎದೆನೋವು ಬಂದಾಗ ಆಸ್ಪತ್ರೆಗೆ 50 ನಿಮಿಷ. ಗಂಡ ಹಗಲೆಲ್ಲ ಹೊಲದಲ್ಲಿ. ಅಡುಗೆ, ಪಾತ್ರೆ, ಕೊಟ್ಟಿಗೆ, ಕೂಲಿಯವರ ತಿಂಡಿ-ಕಾಫಿ, ಮಗನ ಓದು ಎಲ್ಲ ನನ್ನದು. ಬೆಂಗಳೂರಿನಲ್ಲಿ ಇಬ್ಬರೂ ಹಂಚಿಕೊಂಡು ಮಾಡುತ್ತಿದ್ದ ಮನೆಗೆಲಸ ಹಳ್ಳಿಯಲ್ಲಿ ನನ್ನೊಬ್ಬಳದಾಯಿತು. ಯಾರೂ ಹಾಗಂತ ತೀರ್ಮಾನ ಮಾಡಿದ್ದಲ್ಲ, ತಾನಾಗಿ ಆಯಿತು. 2022ರಲ್ಲಿ ಚರ್ಮಗಂಟು ರೋಗ ಬಂದು ನಮ್ಮ ಹಸು ನರಳಿ ನರಳಿ ಹೋಯಿತು. ಗಾಯಕ್ಕೆ ಬೇವಿನೆಣ್ಣೆ ಹಚ್ಚುತ್ತ ಕೂತಿದ್ದ ಒಂದು ರಾತ್ರಿ, ನನ್ನಿಂದ ಇನ್ನು ಆಗದು ಅಂತ ಗಂಡನಿಗೆ ಹೇಳಿದೆ.

ಎರಡೆಕರೆ ಅವರೇ, ನಿಮ್ಮ ಪೋಸ್ಟಿನಲ್ಲಿ "ಇಬ್ಬರದೂ ಆಸೆ" ಅಂತ ಇದೆ. ನಿಮ್ಮ ಹೆಂಡತಿಯವರು ಈ ಲೆಕ್ಕ ನೋಡಿದ್ದಾರಾ? ಅವರ ದಿನ ಅಲ್ಲಿ ಹೇಗಿರುತ್ತದೆ ಅಂತ ಗಂಟೆ ಗಂಟೆಗೆ ಇಬ್ಬರೂ ಕೂತು ಬರೆದು ನೋಡಿದ್ದೀರಾ?

ಹಿತ್ತಿಲ_ಕೋಳಿ

ಅಕ್ಕಾ, ನೀವು ಬರೆದದ್ದು ಒಳ್ಳೇದಾಯಿತು. ನಾನು ಊರೊಳಗೇ ಮನೆ ಮಾಡಿಕೊಂಡು ಹೊಲಕ್ಕೆ ನಡೆದು ಹೋಗ್ತೀನಿ. ಒಂದು ಗೋಡೆ ಆಚೆಗೆ ಪಕ್ಕದ ಮನೆಯವರು ಇರ್ತಾರೆ ಅನ್ನೋ ಒಂದೇ ಕಾರಣಕ್ಕೆ ನಾನು ಇನ್ನೂ ಇಲ್ಲಿದ್ದೀನಿ. ಹೊಸಬರು ತೋಟದಲ್ಲೇ ಮನೆ ಕಟ್ಟೋಕೆ ಅವಸರ ಮಾಡಬೇಡಿ. ಮೊದಲು ಊರಲ್ಲಿ ಬಾಡಿಗೆ ಮನೆ ನೋಡಿ.

ಸುರಂಗದ_ನೀರು

ನಾನು ಬಂಟ್ವಾಳ ತಾಲೂಕಿನವ. ನಮ್ಮಲ್ಲಿ ಅಡಿಕೆ, ಕೊಳೆರೋಗ, ಬೋರ್ಡೋ ದ್ರಾವಣ, ಮರ ಹತ್ತುವವರು ಸಿಗದ ಕಷ್ಟ, ಅದೇ ಬೇರೆ ಲೋಕ. ಅದನ್ನು ಇಲ್ಲಿ ಎಳೆಯುವುದಿಲ್ಲ. ಒಬ್ಬರ ವಿಷಯ ಮಾತ್ರ ಹೇಳುತ್ತೇನೆ.

ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತಲ್ಲ. ಬೋಳು ಗುಡ್ಡೆಯ ಎರಡು ಎಕರೆಯಷ್ಟು ಜಾಗ ಅವರಿಗೆ ಸಿಕ್ಕಿದ್ದು, ನೀರಿನ ಹನಿ ಇಲ್ಲ. ಗುಡ್ಡೆಗೆ ಅಡ್ಡಡ್ಡ ಸುರಂಗ ಕೊರೆಯುತ್ತಾ ಹೋದರು. ಒಂದರ ಹಿಂದೆ ಒಂದು ಸುರಂಗ ಒಣಗಿಯೇ ಉಳಿಯಿತು. ಮತ್ತೂ ಬಿಡದೆ ಕೊರೆದು ಕೊನೆಗೆ ನೀರು ಕಂಡರು, ಅಡಿಕೆ, ತೆಂಗು, ಬಾಳೆ ಎಬ್ಬಿಸಿದರು. ಈ ಕಥೆಯನ್ನು ಎಲ್ಲರೂ ಛಲದ ಕಥೆ ಅಂತ ಹೇಳುತ್ತಾರೆ, ಹೌದು. ಆದರೆ ನಾನು ಇಲ್ಲಿ ಹೇಳಬೇಕೆಂದದ್ದು ಇನ್ನೊಂದು ಉಂಟು. ಅವರು ಹಗಲು ಬೇರೆಯವರ ತೋಟದಲ್ಲಿ ಕೂಲಿ ಕೆಲಸ ಮಾಡಿ, ಬಂದ ಮೇಲೆ ರಾತ್ರಿ ದೀಪ ಹಿಡಿದು ಸುರಂಗ ಕೊರೆದದ್ದು. ನೀರು ಸಿಗುವವರೆಗೆ ಹಗಲಿನ ಕೂಲಿ ಬಿಡಲಿಲ್ಲ ಮಾರಾಯ್ರೆ. ಆ ಕೂಲಿ ಇದ್ದ ಕಾರಣವೇ ಸುರಂಗ ಒಣಗಿದಾಗಲೂ ಮನೆಯಲ್ಲಿ ಗಂಜಿ ಇತ್ತು.

ಎರಡೆಕರೆ_ಕನಸು

ನಾನು ಅವರ ಹೆಂಡತಿ, ಅವರ ಖಾತೆಯಿಂದಲೇ ಬರೆಯುತ್ತಿದ್ದೇನೆ.

ವಾಪಸ್ ಬಂದವಳು ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ: ಲೆಕ್ಕ ನೋಡಿದ್ದೆ, ದಿನ ಹೇಗಿರುತ್ತದೆ ಅಂತ ನೋಡಿರಲಿಲ್ಲ. ನಿನ್ನೆ ರಾತ್ರಿ ಇಬ್ಬರೂ ಕೂತು ಬರೆದೆವು. ಬೆಳಿಗ್ಗೆ 5ರಿಂದ ರಾತ್ರಿ 9ರವರೆಗೆ ನನ್ನ ಕಾಲಂ ತುಂಬಿ ಹೋಯಿತು. ಅವರ ಕಾಲಂನಲ್ಲಿ ಮಧ್ಯಾಹ್ನ ಒಂದು ಗಂಟೆ ಹೊತ್ತು ಖಾಲಿ ಇತ್ತು. ಅವರೇ ಅದನ್ನು ನೋಡಿ ಪೆನ್ನು ಕೆಳಗಿಟ್ಟರು.

ಆಸೆ ನನ್ನದೂ ಹೌದು. ನಮ್ಮಜ್ಜಿ ಮನೆಯಲ್ಲಿ ಸುಗ್ಗಿ ಕಣ ನೋಡಿ ಬೆಳೆದವಳು ನಾನು. ಹಾಗಾಗಿ ಪೂರ್ತಿ ಕೈಬಿಡುವುದಿಲ್ಲ. ಈಗ ಅಂದುಕೊಂಡಿರುವುದು ಇಷ್ಟು: ಆ ಜಮೀನು ಸದ್ಯಕ್ಕೆ ಬೇಡ, ಪಟ್ಟಿ ಆಕಾರ ಮತ್ತು ದಾರಿ ಎರಡೂ ಅನುಮಾನ ಬಂದಿದೆ. ಕೆಲಸ ಇಬ್ಬರೂ ಬಿಡುವುದಿಲ್ಲ. ಒಂದು ವರ್ಷ ವಾರದ ಕೊನೆಗೆ ಯಾರದಾದರೂ ಹೊಲದಲ್ಲಿ ಕೆಲಸ ಕಲಿಯಬೇಕು. ಕೂಲಿ ಬೇಡ, ಕಲಿಸುವವರು ಬೇಕು. ಬೇಸಿಗೆಯಲ್ಲೂ ಹೋಗಬೇಕು, ಮಳೆಯಲ್ಲೂ ಹೋಗಬೇಕು. ಯಾರಾದರೂ ಸೇರಿಸಿಕೊಳ್ಳುತ್ತೀರಾ?

ಬಯಲುಸೀಮೆ_ರೈತ

ತಾಯೀ, ಒಳ್ಳೇ ತೀರ್ಮಾನ. ಜಮೀನು ಎಲ್ಲಿಗೂ ಓಡಿ ಹೋಗಲ್ಲ. ಮುಂದೆ ಯಾವ ಜಮೀನು ನೋಡಿದರೂ ಏಪ್ರಿಲ್‌ನಲ್ಲಿ ಒಂದು ಸಲ ನೋಡಿ, ಜೋರು ಮಳೆ ಬಂದ ಮಾರನೇ ದಿನ ಒಂದು ಸಲ ನೋಡಿ. ಡಿಸೆಂಬರ್‌ನಲ್ಲಿ ಎಲ್ಲಾ ಹೊಲವೂ ಚೆನ್ನಾಗಿ ಕಾಣುತ್ತೆ.

ಕೆಮ್ಮಣ್ಣು

ಮೇಡಂ, ನಮ್ಮ ಹೊಲಕ್ಕೆ ಬನ್ನಿ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಕೆಳಗಿನ ಬದುವಿನ ಹತ್ತಿರ 10 ಗುಂಟೆ ನಿಮಗೆ ಬಿಡುತ್ತೇನೆ. ಅದರಲ್ಲಿ ಬೆಳೆದದ್ದು ನಿಮ್ಮದು, ಹುಲ್ಲು ನನಗೆ. ಕಳೆ ಕೀಳುವಾಗ, ಕುಯ್ಲಿನಲ್ಲಿ ನಮ್ಮ ಹೊಲಕ್ಕೂ ಮುಯ್ಯಾಳು ಬರಬೇಕು.

10 ಗುಂಟೆಗೆ ರಾಗಿ ಬೀಜ ಒಂದೂಕಾಲು ಕೆಜಿ ಸಾಕು, ಜಿಪಿಯು-28 ತಳಿ ನನ್ನ ಹತ್ತಿರವೇ ಇದೆ. 8 ಸಾಲು ರಾಗಿಗೆ 1 ಸಾಲು ಅವರೆ ಅಕ್ಕಡಿ (ನಡುವೆ ಬಿತ್ತುವ ಜೊತೆ ಬೆಳೆ). ಬದುವಿನ ಮೇಲೆ ಹುಚ್ಚೆಳ್ಳು ಚೆಲ್ಲೋಣ, ಜೇನು ಬರುತ್ತದೆ. ಹದ ಬಂದ ದಿನ ಫೋನ್ ಮಾಡುತ್ತೇನೆ, ಅದು ಶನಿವಾರವೇ ಆಗಿರುತ್ತದೆ ಅಂತ ಹೇಳೋಕಾಗಲ್ಲ, ಒಂದು ದಿನ ರಜೆ ಉಳಿಸಿಕೊಂಡಿರಿ.

ಎರಡೆಕರೆ_ಕನಸು

ಬರುತ್ತೇವೆ ಸರ್. ಮೂರು ಜನವೂ. ರಜೆ ಎತ್ತಿಟ್ಟುಕೊಳ್ಳುತ್ತೇವೆ. ಅವರೆ ಬೀಜ ನಾವು ತರಬೇಕೇ? ಅಂಗಡಿಯಲ್ಲಿ ಹೆಬ್ಬಾಳ ಅವರೆ ಅಂತ ಸಿಗುತ್ತದಂತೆ.

ಹಿತ್ತಿಲ_ಕೋಳಿ

ಹೆಬ್ಬಾಳದ್ದು ಬೇಗ ಬರುತ್ತೆ, ವರ್ಷವಿಡೀ ಹಾಕಬಹುದು. ಆದರೆ ರಾಗಿ ಜೊತೆ ಅಕ್ಕಡಿಗೆ, ಸೊಗಡು ಬೇಕು ಅಂದರೆ ನಾಟಿ ಅವರೆಯೇ ಸರಿ. ಇಬ್ಬನಿ ಬೀಳೋ ಹೊತ್ತಿಗೆ ಕಾಯಿ ಕಟ್ಟುತ್ತೆ. ನಮ್ಮ ಮನೆಯಲ್ಲಿ ಬೂದಿ ಹಾಕಿ ಇಟ್ಟಿರೋ ಬೀಜ ಇದೆ, ಅರ್ಧ ಕೆಜಿ ಕಳಿಸ್ತೀನಿ. ಕಾಯಿ ಬಂದ ಮೇಲೆ ಮೊದಲು ಬೀಜಕ್ಕೆ ಎತ್ತಿಟ್ಟು, ಆಮೇಲೆ ಹಿತಕಿದ ಬೇಳೆ ಸಾರು ಮಾಡಿ.